ಕವರ್‌ನಿಂದ ಟ್ಯಾಂಕಿಗೆ: ಹೊಸ ಮೀನನ್ನು ನೀರಿಗೆ ಹೊಂದಿಸುವುದು

ಕವರ್ ಅನ್ನು ಟ್ಯಾಂಕಿನಲ್ಲಿ ಕಾಲು ಗಂಟೆ ತೇಲಿಬಿಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಎಂದು ಎಲ್ಲರೂ ಹೇಳುತ್ತಾರೆ. ತಪ್ಪೇನಲ್ಲ. ಆದರೆ ಈ ಒಂದೇ ಕ್ರಮ ಎಲ್ಲ ಸಲವೂ ನಡೆಯುವುದಿಲ್ಲ. ಮೊದಲು ಎರಡು ವಿಷಯ ಕೇಳಿಕೊಳ್ಳಿ: ಎರಡು ನೀರಿಗೂ ವ್ಯತ್ಯಾಸ ಇರುವುದು ಯಾವುದರಲ್ಲಿ? ಮೀನು ಕವರ್‌ನಲ್ಲಿ ಎಷ್ಟು ಹೊತ್ತು ಇತ್ತು?

ಉಷ್ಣತೆ

ಇದು ಸುಲಭದ ಭಾಗ. ಮೀನಿನ ಮೈ ಬಿಸಿ ಸುತ್ತಲಿನ ನೀರಿನಷ್ಟೇ ಇರುತ್ತದೆ. ಹಾಗಾಗಿ ನೀರಿನ ಬಿಸಿ ಥಟ್ಟನೆ ಬದಲಾದರೆ ಮೀನಿನ ಉಸಿರಾಟದಿಂದ ಹಿಡಿದು ಎಲ್ಲವೂ ಏರುಪೇರಾಗುತ್ತದೆ. ಮುಚ್ಚಿದ ಕವರ್ ಅನ್ನು 15–20 ನಿಮಿಷ ತೇಲಿಬಿಟ್ಟರೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಉಷ್ಣತೆ ಬರುತ್ತದೆ. ಲೈಟ್ ಆರಿಸಿಡಿ. ಬೆಳಕಿಗೆ ಮೀನು ಗಾಬರಿಯಾಗುತ್ತದೆ, ಬಿಸಿಯಾಗುವ ಲೈಟಿನ ಕೆಳಗೆ ಚಿಕ್ಕ ಕವರ್ ಬೇಗ ಕಾಯುತ್ತದೆ ಕೂಡ.

ಲವಣ: ನಿಜವಾದ ಕಷ್ಟ ಇಲ್ಲಿದೆ

ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಉಪ್ಪಿನಂಶ ಜಾಸ್ತಿ. ಆದ್ದರಿಂದ ಕಿವಿರುಗಳ ಮೂಲಕ ನೀರು ಸದಾ ಒಳಗೆ ಬರುತ್ತಿರುತ್ತದೆ, ಉಪ್ಪು ಹೊರಗೆ ಸೋರುತ್ತಿರುತ್ತದೆ. ಒಳಗೆ ಬಂದ ನೀರನ್ನು ಮೀನು ತೆಳುವಾದ ಮೂತ್ರವಾಗಿ ಹೊರಹಾಕುತ್ತದೆ. ಸೋರಿಹೋದ ಉಪ್ಪನ್ನು ಕಿವಿರಿನ ಕೆಲವು ಜೀವಕೋಶಗಳು ನೀರಿನಿಂದಲೇ ಹೀರಿ ವಾಪಸ್ ತರುತ್ತವೆ. (ಸಮುದ್ರದ ಮೂಳೆಮೀನುಗಳಲ್ಲಿ ಎಲ್ಲವೂ ತಿರುಗಾಮುರುಗಾ. ಅವು ನೀರು ಕಳೆದುಕೊಳ್ಳುತ್ತವೆ, ಅದಕ್ಕೇ ಸಮುದ್ರದ ನೀರನ್ನು ಕುಡಿಯುತ್ತವೆ.)

ಈ ವ್ಯವಸ್ಥೆ ಹೊಸ ನೀರಿಗೆ ತಕ್ಕಂತೆ ಬದಲಾಗಲು ದಿನಗಳೇ ಬೇಕು. ಒಂದು ಗಂಟೆ ಹನಿ ಹನಿಯಾಗಿ ನೀರು ಬಿಟ್ಟರೆ ಮೀನು ಹೊಂದಿಕೊಂಡಿತು ಅಂದುಕೊಳ್ಳಬೇಡಿ. ಪೆಟ್ಟಿನ ಜೋರು ಕಡಿಮೆಯಾಗಿರುತ್ತದೆ, ಅಷ್ಟೇ. ಮೊದಲ ದಿನ ಚೆನ್ನಾಗಿ ಓಡಾಡಿಕೊಂಡಿದ್ದ ಮೀನು ಮೂರನೇ ದಿನ ಸತ್ತಾಗ ನಾವು ರೋಗ ಅಂತೀವಿ. ಎಷ್ಟೋ ಸಲ ಕಾರಣ ಈ ಲವಣದ ವ್ಯತ್ಯಾಸವೇ ಆಗಿರಬಹುದು.

ಯಾವ ದಿಕ್ಕಿಗೆ ಬದಲಾವಣೆ ಅನ್ನುವುದೂ ಮುಖ್ಯ. ಗಡಸು ನೀರಿನಿಂದ ಮೆದು ನೀರಿಗೆ ಹೋಗುವುದು ಹೆಚ್ಚು ಕಷ್ಟ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಕಿವಿರಿನಿಂದ ಉಪ್ಪು ಸೋರುವುದು ಕಡಿಮೆ. ಅದು ಥಟ್ಟನೆ ಕಡಿಮೆಯಾದರೆ ಸೋರಿಕೆ ಏರುತ್ತದೆ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ತೋರಿಸುವ ಉಪಕರಣ) ಇದ್ದರೆ ಎರಡೂ ನೀರನ್ನು ಅಳೆಯಿರಿ. ಕವರ್‌ನಲ್ಲಿ 400, ಟ್ಯಾಂಕಿನಲ್ಲಿ 80 ಬಂದರೆ ಹನಿ ವಿಧಾನವನ್ನು ನಂಬಿಕೊಂಡು ಕೂರಬೇಡಿ. ಬೇರೊಂದು ಟ್ಯಾಂಕಿನಲ್ಲಿ ಕವರ್‌ನ ನೀರಿಗೆ ಹತ್ತಿರವಾದ ನೀರನ್ನು ಮೊದಲೇ ತಯಾರು ಮಾಡಿ, ಮೀನನ್ನು ಅಲ್ಲಿಗೆ ಬಿಡಿ. ಮುಂದೆ ಒಂದೆರಡು ವಾರ ನೀರು ಬದಲಿಸುವಾಗಲೆಲ್ಲ ಸ್ವಲ್ಪ ಸ್ವಲ್ಪವೇ ನಿಮ್ಮ ನೀರಿನ ಕಡೆಗೆ ತನ್ನಿ. ಹೊಸ ಮೀನನ್ನು ಹೇಗೂ ಎರಡರಿಂದ ನಾಲ್ಕು ವಾರ ಬೇರೆ ಇಡಬೇಕು ಅಲ್ವಾ? ಎರಡು ಕೆಲಸವೂ ಒಟ್ಟಿಗೆ ಆಗುತ್ತದೆ.

ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅಷ್ಟು ಬೇಡ. ಗಿಡಗಳಿಗಾಗಿ ಕಾರ್ಬನ್ ಡೈಆಕ್ಸೈಡ್ ಬಿಡುವ ಟ್ಯಾಂಕುಗಳಲ್ಲಿ ಪಿಎಚ್ ದಿನವೂ ಏರಿಳಿಯುತ್ತದೆ, ಮೀನುಗಳು ತಡೆದುಕೊಳ್ಳುತ್ತವೆ. ಆದರೆ ಪಿಎಚ್‌ಗೂ ಮೀನು ಹೊರಹಾಕುವ ತ್ಯಾಜ್ಯವಾದ ಅಮೋನಿಯಕ್ಕೂ ಒಂದು ನಂಟಿದೆ. ಅದನ್ನು ಮಾತ್ರ ಬಿಡುವ ಹಾಗಿಲ್ಲ.

ದೂರದಿಂದ ಬಂದ ಕವರ್

ಮುಚ್ಚಿದ ಕವರ್‌ನಲ್ಲಿ ಮೀನು ಉಸಿರಾಡುತ್ತಾ ಇರುತ್ತದೆ, ಕಾರ್ಬನ್ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ, ಪಿಎಚ್ ಇಳಿಯುತ್ತದೆ. ಜೊತೆಗೆ ಅಮೋನಿಯವೂ ಕೂಡಿಕೊಳ್ಳುತ್ತದೆ. ಪಿಎಚ್ ಕಡಿಮೆ ಇರುವ ತನಕ ಅದರ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರಿಂದ ಅಪಾಯ ಕಡಿಮೆ. ಕವರ್ ಬಿಚ್ಚಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರುತ್ತದೆ, ಅಮೋನಿಯಂ ವಿಷಕಾರಿ ಅಮೋನಿಯವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷದ ಪಾಲು ಸುಮಾರು ಶೇಕಡಾ 0.6. ಪಿಎಚ್ 8 ಆದರೆ ಶೇಕಡಾ 5ಕ್ಕಿಂತ ಜಾಸ್ತಿ. ಅಂದರೆ ಕವರ್ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಬಿಡುತ್ತಾ ಕೂತರೆ ಮೀನು ವಿಷದಲ್ಲೇ ಕಾಯುತ್ತಿರುತ್ತದೆ.

ಹಾಗಾಗಿ ಒಂದೆರಡು ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಕವರ್ ಬಿಚ್ಚದೆಯೇ ಉಷ್ಣತೆ ಸರಿಮಾಡಿ. ಬಿಚ್ಚಿದ ಮೇಲೆ ತಡ ಮಾಡದೆ, ಮೊದಲೇ ಹೊಂದಿಸಿಟ್ಟ ನೀರಿಗೆ ಮೀನನ್ನು ಮಾತ್ರ ವರ್ಗಾಯಿಸಿ.

ಹನಿ ವಿಧಾನ ಯಾವಾಗ?

ಅರ್ಧ ಗಂಟೆ, ಒಂದು ಗಂಟೆಯ ದಾರಿಯಿಂದ ತಂದ ಮೀನಿಗೆ ಇದು ಸರಿ. ಸೀಗಡಿಗಳಿಗಂತೂ ಇದೇ ಒಳ್ಳೆಯದು, ಲವಣದ ಏರಿಳಿತ ಅವಕ್ಕೆ ಇನ್ನೂ ಕಡಿಮೆ ಹಿಡಿಸುತ್ತದೆ. ಬಕೆಟ್‌ನಲ್ಲಿ ಮೀನು ಮತ್ತು ಕವರ್‌ನ ನೀರು, ಟ್ಯಾಂಕಿನಿಂದ ಏರ್ ಟ್ಯೂಬ್, ಟ್ಯೂಬಿಗೆ ಒಂದು ಸಡಿಲ ಗಂಟು. ಸೆಕೆಂಡಿಗೆ ಎರಡು ಮೂರು ಹನಿ ಬೀಳಲಿ. ನೀರು ಎರಡರಷ್ಟಾದಾಗ ಅರ್ಧ ಚೆಲ್ಲಿ, ಇನ್ನೊಮ್ಮೆ ಹಾಗೇ ಮಾಡಿ. ಬಕೆಟ್‌ನ ನೀರು ತಣ್ಣಗಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ತೇಲಿಬಿಟ್ಟ ಕೆಲಸ ಸುಮ್ನೆ ವ್ಯರ್ಥ.

ಕೊನೆಗೆ ಬಲೆಯಲ್ಲಿ ಮೀನನ್ನು ಎತ್ತಿ ಬಿಡಿ. ಕವರ್‌ನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಬಿಳಿಚುಕ್ಕೆ ರೋಗದ ಪರಾವಲಂಬಿ ಅದರ ಜೊತೆಗೇ ಬರಬಹುದು. ಮೊದಲ ದಿನ ಊಟ ಹಾಕದಿದ್ದರೂ ನಡೆಯುತ್ತದೆ. ಗಾಬರಿಯಾದ ಮೀನು ತಿನ್ನುವುದು ಕಡಿಮೆ, ಉಳಿದದ್ದು ಕೊಳೆತು ಮತ್ತೆ ಅಮೋನಿಯವಾಗುತ್ತದೆ.