ಸಾಂಟಾ ಫೆಯ ಹಳೆ ಅಡೋಬಿ ಮನೆ: ಬೆಲೆ ಕಟ್ಟುವ ಮೊದಲು ಗೋಡೆ ನೋಡುವ ಕ್ರಮ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆಯಲ್ಲಿ, ಅದರಲ್ಲೂ ಕ್ಯಾನ್ಯನ್ ರೋಡ್ ಮತ್ತು ಅಸೆಕಿಯಾ ಮಾದ್ರೆ ಬೀದಿಗಳ ಸುತ್ತ, ಜೀರ್ಣೋದ್ಧಾರವಾದ ಅಡೋಬಿ ಮನೆಗಳು ಹತ್ತಾರು ಲಕ್ಷ ಡಾಲರಿಗೆ ಮಾರಾಟಕ್ಕೆ ಬರುತ್ತವೆ. ಅಡೋಬಿ ಎಂದರೆ ಜೇಡಿ, ಮರಳು, ಹುಲ್ಲು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಮಾರಾಟದ ಚಿತ್ರಗಳಲ್ಲಿ ಮೂಲೆಯ ದುಂಡನೆಯ ಅಗ್ಗಿಷ್ಟಿಕೆ, ದಪ್ಪ ತೊಲೆಗಳು, ಗೋಡೆಗೂಡುಗಳು ಎದ್ದು ಕಾಣುತ್ತವೆ. ಮೌಲ್ಯಮಾಪನ ಕಲಿಯುವ ನಾವು ಮೊದಲು ಕೇಳಬೇಕಾದ್ದು ಬೇರೆ: ಗೋಡೆಯ ಬುಡ ಒಣಗಿದೆಯೇ?

ಗೋಡೆ ಅಡೋಬಿಯದೇ?

1957ರ ನಗರ ಕಾನೂನು ಐತಿಹಾಸಿಕ ವಲಯದ ಕಟ್ಟಡಗಳ ಹೊರನೋಟಕ್ಕೆ ನಿಯಮ ಹಾಕಿತು. ಹಾಗಾಗಿ ಮರದ ಚೌಕಟ್ಟಿನ ಮನೆಯೂ, ರಾಜ್ಯದ ಸೆರೆಮನೆಯಲ್ಲಿ ತಯಾರಾಗುತ್ತಿದ್ದ ಪೊಳ್ಳು ಸುಟ್ಟಿಟ್ಟಿಗೆಯ ಮನೆಯೂ ಹೊರಗಿನಿಂದ ಅಡೋಬಿಯಂತೆಯೇ ಕಾಣುತ್ತವೆ. ಈ ಪೊಳ್ಳು ಇಟ್ಟಿಗೆಗೆ ಅಲ್ಲಿ ‘ಪೆನ್ ಟೈಲ್’ ಎನ್ನುತ್ತಾರೆ. ಸಾಮಾನ್ಯ ಅಡೋಬಿ ಇಟ್ಟಿಗೆ 10×14×4 ಇಂಚು, ತೂಕ ಸುಮಾರು 14 ಕಿಲೊ. ಆದ್ದರಿಂದ ಒಂಟಿ ಸಾಲಿನ ಗೋಡೆ ಗಿಲಾವು ಬಿಟ್ಟು 10 ಅಥವಾ 14 ಇಂಚು ಇರಬೇಕು. ಹಳೆಯವು 24 ಇಂಚೂ ಇರುತ್ತವೆ. ಕಿಟಕಿಯ ಆಳವೊಂದನ್ನೇ ನಂಬಬೇಡಿ, ಅದನ್ನು ಸುಳ್ಳುಗೋಡೆಯಿಂದ ದಪ್ಪ ಮಾಡಬಹುದು. ಸಿಂಕಿನ ಕೆಳಗೆ ಪೈಪು ಒಳಬರುವ ತೂತು, ಕಪಾಟಿನ ಹಿಂಬದಿ, ಸ್ವಿಚ್ ಪೆಟ್ಟಿಗೆಯ ಒಳಗು ನಿಜ ಹೇಳುತ್ತವೆ. ಈ ಮನೆಗಳು ಕೋಣೆಗೆ ಕೋಣೆ ಸೇರಿಸುತ್ತ ಬೆಳೆದವು. ನಡುಮನೆ ಅಡೋಬಿ, ಹಿಂದಿನ ಮಲಗುವ ಕೋಣೆ ಮರದ ಚೌಕಟ್ಟು ಎಂಬುದು ಮಾಮೂಲು. ನಕಾಶೆಯ ಮೇಲೆ ಗೋಡೆಗೊಂದು ಬಣ್ಣ ಹಾಕಿ ಗುರುತಿಸಿಕೊಳ್ಳಿ.

ಕಾಲದ ಬಗ್ಗೆಯೂ ಎಚ್ಚರವಿರಲಿ. ತೊಲೆಯ ವರ್ಷದುಂಗುರಗಳ ವಿನ್ಯಾಸವನ್ನು ಕಾಲ ಗೊತ್ತಿರುವ ಮರಗಳ ಉಂಗುರಗಳ ಜೊತೆ ಹೋಲಿಸಿದರೆ ಮರ ಕಡಿದ ವರ್ಷ ಸಿಗಬಹುದು, ಮನೆ ಕಟ್ಟಿದ ವರ್ಷವಲ್ಲ. ಬಿದ್ದ ಮನೆಯ ತೊಲೆಯನ್ನು ಹೊಸ ಮನೆಗೆ ಬಳಸುವುದು ಅಲ್ಲಿ ರೂಢಿಯಾಗಿತ್ತು. ಪ್ಯಾರಪೆಟ್ ಮೇಲೆ ಸುಟ್ಟಿಟ್ಟಿಗೆಯ ಸಾಲು, ಗರಗಸದಲ್ಲಿ ಕೊಯ್ದ ಮರದ ಕಿಟಕಿ ಚೌಕಟ್ಟು ಇದ್ದರೆ ಆ ಭಾಗ 1846ರಲ್ಲಿ ಅಮೆರಿಕದ ಸೇನೆ ಬಂದ ನಂತರದ್ದು. 1880ರಲ್ಲಿ ರೈಲು ಬಂದ ಮೇಲೆ ಇಂಥ ಸಾಮಾನು ಇನ್ನೂ ಸುಲಭವಾಯಿತು.

ನೀರು

ಒಣಗಿದ ಜೇಡಿಯೇ ಈ ಗೋಡೆಯ ಬಲ. ಹಳೆಯ ಮನೆಗಳ ತಳಪಾಯ ಕೆಸರಿನಲ್ಲಿ ಕೂರಿಸಿದ ಕಲ್ಲು. ಕೆಲವಕ್ಕೆ ತಳಪಾಯವೇ ಇಲ್ಲ. ನೆಲದ ತೇವ ಗೋಡೆಗೆ ಏರುತ್ತದೆ, ಮಣ್ಣಿನ ಗಿಲಾವಿದ್ದರೆ ಆರಿಹೋಗುತ್ತದೆ. ಆರುವಾಗ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಪುಡಿ ಮಾಡುತ್ತದೆ. ಗೋಡೆಯ ಬುಡ ಒಳಕ್ಕೆ ಕೊರೆದಂತಾಗುವುದು ಹೀಗೆ.

ದೊಡ್ಡ ಅನಾಹುತ ಆದದ್ದು ಸಿಮೆಂಟಿನಿಂದ. ಮತ್ತೆ ಮತ್ತೆ ಮಣ್ಣು ಮೆತ್ತುವ ಕೆಲಸ ತಪ್ಪಿಸಲು 20ನೇ ಶತಮಾನದಲ್ಲಿ ತಂತಿಜಾಲರಿ ಹೊಡೆದು ಸಿಮೆಂಟ್ ಗಿಲಾವು ಮಾಡಿದರು. ಅಡೋಬಿ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ. ಕೂದಲೆಳೆಯಂಥ ಬಿರುಕು ಬಿಟ್ಟು ಮಳೆನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿ ಸಿಗುವುದಿಲ್ಲ. ಹೊರಗೆ ಗಿಲಾವು ನೆಟ್ಟಗಿರುವಾಗಲೇ ಒಳಗೆ ಇಟ್ಟಿಗೆ ಕೆಸರಾಗುತ್ತದೆ. ಇದೇ ರಾಜ್ಯದ ರಾಂಚೋಸ್ ದೆ ಟಾವೋಸ್ ಊರಿನ ಅಡೋಬಿ ಚರ್ಚು ಸ್ಯಾನ್ ಫ್ರಾನ್ಸಿಸ್ಕೊ ದೆ ಅಸಿಸ್‌ಗೆ 1967ರಲ್ಲಿ ಸಿಮೆಂಟ್ ಬಳಿದರು. ಗೋಡೆ ಕೊಳೆತು 1979ರಲ್ಲಿ ಅದನ್ನು ಕಿತ್ತರು. ಅಂದಿನಿಂದ ಊರವರೇ ಸೇರಿ ವರ್ಷವರ್ಷವೂ ಮಣ್ಣು ಮೆತ್ತುತ್ತಾರೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸಂರಕ್ಷಣಾ ಕೈಪಿಡಿ ಸಂಖ್ಯೆ 5 ಅಡೋಬಿಗೇ ಮೀಸಲು. ಮಣ್ಣಿನ ಗೋಡೆಗೆ ಮಣ್ಣಿನಿಂದಲೇ ದುರಸ್ತಿ ಎಂಬುದು ಅದರ ನಿಲುವು.

ಪರೀಕ್ಷೆಗೆ ಗೆಣ್ಣಿನಿಂದ ತಟ್ಟುತ್ತ ಬುಡದಿಂದ ಮೂರು ಅಡಿವರೆಗೆ ಹೋಗಿ. ಟೊಳ್ಳು ಸದ್ದು, ಉಬ್ಬು, ಅಡ್ಡ ಬಿರುಕು, ಬಿಳಿ ಪುಡಿ ಬರೆದುಕೊಳ್ಳಿ. ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಲೇಬೇಕು. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ ನೋಡಿ. ಹಳೆ ಬೀದಿಗಳಲ್ಲಿ ಹೀಗಾಗುವುದು ಹೆಚ್ಚು. ಗೋಡೆಗೆ ತಾಗಿದ ಕಾಂಕ್ರೀಟ್ ಕಟ್ಟೆ ತೇವವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ತೇವಮಾಪಕದ ಮುಳ್ಳು ಉಪ್ಪಿರುವ ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಗೈಯಗಲ ಗಿಲಾವು ತೆಗೆಸಿ, ಚೂರು ಮಣ್ಣು ತೂಗಿ, ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗುವುದೇ ನಂಬಲರ್ಹ. ಮಾದರಿ ತೆಗೆಯುವ ಜಾಗ: ಮಳೆನೀರಿನ ದೋಣಿಯ ಕೆಳಗೆ, ಬಚ್ಚಲಿನ ಗೋಡೆ, ಹೂಪಾತಿಯ ಪಕ್ಕ.

ಚಾವಣಿಯಲ್ಲಿ ತೊಲೆ, ಜಂತೆ, ಅದರ ಮೇಲೆ ಮಣ್ಣು. ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಮಣ್ಣು ತೆಗೆಯದೆಯೇ ಡಾಂಬರು ಹಾಳೆ, ಅದರ ಮೇಲೆ ಫೋಮ್ ಹಾಕಿದ್ದರೆ ಅಷ್ಟೂ ಭಾರ ತೊಲೆಯ ಮೇಲಿದೆ. ಗೋಡೆಯಿಂದ ಹೊರಚಾಚಿದ ತೊಲೆತುದಿಗೆ ದಬ್ಬಳ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಕೊಳೆತಿದೆ.

ಜೀರ್ಣೋದ್ಧಾರದ ದಾಖಲೆ

ಒಳ್ಳೆಯ ಕೆಲಸದ ಕ್ರಮ ಇದು: ನೀರಿನ ಮೂಲ ತಡೆಯುವುದು, ಆಸರೆ ಕೊಡುವುದು, ಸಿಮೆಂಟನ್ನು ತುಂಡುತುಂಡಾಗಿ ಬಿಡಿಸುವುದು, ನಿಧಾನವಾಗಿ ಒಣಗಲು ಬಿಡುವುದು, ಗಟ್ಟಿ ಭಾಗ ಸಿಗುವವರೆಗೆ ಕೊರೆದು ಅದೇ ಬಗೆಯ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಕೂರಿಸುವುದು. ಸಿಮೆಂಟನ್ನು ಒಮ್ಮೆಲೇ ಕಿತ್ತರೆ ಗೋಡೆ ಕುಸಿಯಬಹುದು, ಕೆಲವೆಡೆ ಆ ಚಿಪ್ಪೇ ಅದನ್ನು ಹಿಡಿದಿರುತ್ತದೆ. ಹಾಳಾದ ಕಡೆ ಸಿಮೆಂಟ್ ಬ್ಲಾಕ್ ತುಂಬಿದ್ದರೆ ಬೆಲೆ ಇಳಿಸಿ. ಗಡುಸು ತೇಪೆಯ ಸುತ್ತಲಿನ ಮಣ್ಣು ಬೇಗ ಸವೆಯುತ್ತದೆ.

ಹಣ

ನ್ಯೂ ಮೆಕ್ಸಿಕೊದಲ್ಲಿ ಮಾರಾಟದ ಬೆಲೆ ಸಾರ್ವಜನಿಕ ದಾಖಲೆಗೆ ಬರುವುದಿಲ್ಲ. ಹೋಲಿಕೆಯ ಬೆಲೆಗಳು ದಲ್ಲಾಳಿಗಳ ಪಟ್ಟಿಯಿಂದಲೇ ಸಿಗಬೇಕು. ಕಟ್ಟಡಕ್ಕೆ ನಗರ ಕೊಟ್ಟ ಐತಿಹಾಸಿಕ ದರ್ಜೆ ಏನೆಂದು ಬರಹದಲ್ಲಿ ಪಡೆಯಿರಿ. ಕಿಟಕಿ ಬದಲಿಸಬಹುದೇ, ಕೋಣೆ ಸೇರಿಸಬಹುದೇ ಎಂಬುದಕ್ಕೆ ಅದೇ ಆಧಾರ. ಇನ್ನು ಆಸ್ತಿ ತೆರಿಗೆ: ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚು ಏರುವಂತಿಲ್ಲ, ಆದರೆ ಮನೆ ಕೈಬದಲಾದ ಮೇಲೆ ಅದು ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ದೀರ್ಘಕಾಲ ಒಬ್ಬರೇ ಇಟ್ಟುಕೊಂಡಿದ್ದ ಮನೆಯಾದರೆ ಮಾರುವವರ ತೆರಿಗೆ ರಸೀದಿ ಕೊಳ್ಳುವವರ ಲೆಕ್ಕಕ್ಕೆ ಉಪಯೋಗವಿಲ್ಲ. ಕೊಳ್ಳುವ ಬೆಲೆಯ ಮೂರನೇ ಒಂದು ಭಾಗದ ಮೇಲೆ ಆ ವರ್ಷದ ದರ ಹಾಕಿ ಹೊಸದಾಗಿ ಲೆಕ್ಕ ಮಾಡಿ.