ಒಮ್ಮನಸ್ಸಿನ ತೀರ್ಮಾನ: ಅಪೊಸ್ತಲರ ಕೃತ್ಯಗಳು 15ನ್ನು ಓದುವ ಬಗೆ

ಟಿಪ್ಪಣಿಗೆ ಮುಂಚೆ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಪುಸ್ತಕದ 15ನೇ ಅಧ್ಯಾಯವನ್ನು ಓದಿಕೊಳ್ಳಿ. ಜೊತೆಗೆ 7:57, ಒಂದೇ ಒಂದು ವಚನ.

ಯೆಹೂದ್ಯರಲ್ಲದ ವಿಶ್ವಾಸಿಗಳೂ ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬುದು 15ನೇ ಅಧ್ಯಾಯದ ಪ್ರಶ್ನೆ. ಯೆರೂಸಲೇಮಿನ ಸಭೆ ಅನ್ಯಜನರಿಂದ ಬಂದ ಈ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ, ತಾವು ಒಮ್ಮನಸ್ಸಾಗಿ ಈ ತೀರ್ಮಾನಕ್ಕೆ ಬಂದೆವೆಂಬ ಮಾತಿದೆ (15:25). ಅಲ್ಲಿರುವ ಗ್ರೀಕ್ ಪದ ‘ಹೊಮೊಥುಮದೋನ್’. ಶಿಷ್ಯರು ಕೂಡಿ ಪ್ರಾರ್ಥಿಸುತ್ತಿದ್ದುದನ್ನು ಹೇಳುವಾಗಲೂ ಈ ಪುಸ್ತಕ ಬರೆದ ಲೂಕ ಇದನ್ನೇ ಬಳಸುತ್ತಾನೆ (1:14). ಸ್ತೆಫನನೆಂಬ ವಿಶ್ವಾಸಿಯನ್ನು ಕಲ್ಲೆಸೆದು ಕೊಲ್ಲಲು ಮುಗಿಬಿದ್ದ ಗುಂಪಿಗೂ ಇದೇ ಪದ (7:57), ಎಫೆಸದ ನಾಟಕಶಾಲೆಗೆ ನುಗ್ಗಿದ ಜನಕ್ಕೂ ಇದೇ (19:29). ಅಂದರೆ ಎಲ್ಲರೂ ಒಂದೇ ದಿಕ್ಕಿಗೆ ಹೊರಟರು ಅನ್ನುವುದರಿಂದಲೇ ಅದು ದೇವರ ಚಿತ್ತವಾಗಿಬಿಡುವುದಿಲ್ಲ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? 7:57ರ ಜನ ಕೂಗಾಡಿ, ಕಿವಿ ಮುಚ್ಚಿಕೊಂಡು ನುಗ್ಗಿದರು. 15:12ರಲ್ಲಿ ಸಭೆಯೆಲ್ಲ ಮೌನವಾಗಿ ಬಾರ್ನಬ ಮತ್ತು ಪೌಲರ ಮಾತಿಗೆ ಕಿವಿಗೊಟ್ಟಿತು. ನನ್ನ ಮಟ್ಟಿಗೆ ಈ ಪಾಠದ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರ ವಿಸ್ತರಣೆ.

ಯೆರೂಸಲೇಮಿನ ಕ್ರಮವನ್ನು ಗಮನಿಸಿ. ಸುನ್ನತಿ ಆಗಲೇಬೇಕೆಂದು ಫರಿಸಾಯ ಪಂಗಡದ ವಿಶ್ವಾಸಿಗಳು ಮೊದಲೇ, ಎಲ್ಲರೆದುರು ಹೇಳುತ್ತಾರೆ (15:5). ಬಹಳ ವಾದ ನಡೆದ ಮೇಲಷ್ಟೇ ಪೇತ್ರ ಎದ್ದು ನಿಲ್ಲುತ್ತಾನೆ (15:7). ಅವನು ಹೇಳುವುದು ಕಣ್ಣಾರೆ ಕಂಡದ್ದನ್ನು. ಬಾರ್ನಬ, ಪೌಲರು ಹೇಳುವುದೂ ನಡೆದದ್ದನ್ನೇ. ಯಾಕೋಬ ಕೊನೆಯಲ್ಲಿ ಮಾತಾಡಿ, ನಡೆದ ಸಂಗತಿಯನ್ನು ಆಮೋಸನ ಪ್ರವಾದನೆಯ ಜೊತೆ ಇಟ್ಟು ನೋಡುತ್ತಾನೆ. ಅವನ ಸಲಹೆ ಒಂದು ಪಕ್ಷಕ್ಕೆ ಪೂರ್ತಿ ಗೆಲುವು ಕೊಡುವುದಿಲ್ಲ: ಸುನ್ನತಿ ಬೇಡ, ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಇವುಗಳಿಂದ ದೂರವಿರಬೇಕು. ಯೆಹೂದ್ಯರೂ ಅನ್ಯರೂ ಒಂದೇ ಪಂಕ್ತಿಯಲ್ಲಿ ಕೂರುವಂತಾಗಲಿ ಎಂಬುದು ಇದರ ಹಿಂದಿರುವ ಉದ್ದೇಶವೆಂದು ಅನೇಕರು ಅರ್ಥಮಾಡುತ್ತಾರೆ. ಕೊನೆಗೆ ಬರಹ, ಮತ್ತು ಆ ಬರಹವನ್ನು ಬಾಯಿಮಾತಿನಲ್ಲೂ ವಿವರಿಸಲು ಯೂದ, ಸೀಲ ಎಂಬ ಇಬ್ಬರು.

‘ಪವಿತ್ರಾತ್ಮನಿಗೂ ನಮಗೂ’ ಸರಿಕಂಡಿತು ಎಂಬ ಧೈರ್ಯದ ಮಾತು (15:28) ಇಷ್ಟೆಲ್ಲ ಆದ ಮೇಲೆ ಬರುತ್ತದೆ. ನಮ್ಮ ಕೂಟಗಳಲ್ಲಿ ಅದು ಬಹಳ ಸಲ ಮೊದಲ ಐದು ನಿಮಿಷದಲ್ಲೇ ಬಂದುಬಿಡುತ್ತದೆ. ‘ಕರ್ತನು ನನಗೆ ತೋರಿಸಿದ್ದಾನೆ’ ಎಂದು ಒಬ್ಬರು ಶುರುಮಾಡಿದರೆ, ಬೇರೆ ಅಭಿಪ್ರಾಯ ಇರುವವರು ದೇವರನ್ನೇ ಎದುರಿಸಿದಂತಾಗುತ್ತದೆ. ಅವರು ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಗುತ್ತದೆ. ಒಪ್ಪದವರ ಮಾತು ಆಮೇಲೆ ಬಾಗಿಲ ಹೊರಗೆ, ಚಪ್ಪಲಿ ಹಾಕಿಕೊಳ್ಳುವಾಗ ಕೇಳಿಬರುತ್ತದೆ.

ಇದಕ್ಕೆ ಸಭಾಚರಿತ್ರೆಯಲ್ಲಿ ಒಂದು ಸೊಗಸಾದ ಮದ್ದಿದೆ. 1539ರಲ್ಲಿ ಇಗ್ನೇಷಿಯಸ್ ಲೊಯೋಲಾ ಮತ್ತು ಸಂಗಡಿಗರು ರೋಮಿನಲ್ಲಿ ಕೂಡಿ, ತಮ್ಮಲ್ಲೇ ಒಬ್ಬನಿಗೆ ವಿಧೇಯರಾಗಿರುವ ಪ್ರತಿಜ್ಞೆ ಮಾಡಬೇಕೇ ಎಂದು ಯೋಚಿಸಿದರು. ಸಿಕ್ಕು ಬಿಡಲಿಲ್ಲ. ಆಗ ಒಂದು ನಿಯಮ ಮಾಡಿಕೊಂಡರು: ಪ್ರತಿಯೊಬ್ಬನೂ ಪ್ರಾರ್ಥಿಸಿ ತಾನೇ ಯೋಚಿಸಬೇಕು, ಒಬ್ಬರನ್ನೊಬ್ಬರು ಒಲಿಸಿಕೊಳ್ಳಲು ಹೋಗಬಾರದು. ಒಂದು ದಿನ ಪ್ರತಿಯೊಬ್ಬನೂ ವಿರುದ್ಧದ ಕಾರಣಗಳನ್ನು ಮಾತ್ರ ಹೇಳಬೇಕು, ಮರುದಿನ ಪರವಾದವನ್ನು ಮಾತ್ರ. ಬೇಕೆನ್ನುವವನೂ ಬೇಡ ಅನ್ನಲು ಕಾರಣ ಹುಡುಕಬೇಕಾದಾಗ ಪಕ್ಷ ಕಟ್ಟಲು ಜಾಗವೇ ಇರುವುದಿಲ್ಲ. ಕೊನೆಗೆ ಎಲ್ಲರೂ ಒಪ್ಪಿದರು. ಯೇಸುಸಭೆ, ಅಂದರೆ ಜೆಸ್ವಿಟ್ ಸಂನ್ಯಾಸಿಗಳ ಸಂಘ, ಹುಟ್ಟಿದ್ದು ಹೀಗೆ.

ಮೌನ ಆರಾಧನೆಗೆ ಹೆಸರಾದ ಕ್ರೈಸ್ತ ಪಂಗಡ ಕ್ವೇಕರರದು ಇನ್ನೊಂದು ದಾರಿ. ಅಲ್ಲಿ ಮತ ಎಣಿಸುವುದಿಲ್ಲ. ಸಭೆ ಯಾವ ಕಡೆ ನಿಂತಿದೆ ಎಂಬುದನ್ನು ನಿರ್ವಾಹಕರು ಸ್ಥಳದಲ್ಲೇ ಬರೆದು ಓದುತ್ತಾರೆ, ಒಪ್ಪದಿದ್ದರೆ ಅಲ್ಲೇ ತಿದ್ದುತ್ತಾರೆ. ತನಗೆ ಒಪ್ಪಿಗೆಯಿಲ್ಲ, ಆದರೆ ತಡೆಯುವುದಿಲ್ಲ ಎನ್ನುವವರು ಬದಿಗೆ ಸರಿದು ನಿಲ್ಲಬಹುದು. ಚರ್ಚುಗಳ ವಿಶ್ವ ಮಂಡಳಿಯ ಕೂಟಗಳಲ್ಲಿ ಬಣ್ಣದ ಕಾರ್ಡು ಎತ್ತುತ್ತಾರೆ: ಮಾತಿಗೆ ಒಲವಿದ್ದರೆ ಕಿತ್ತಳೆ, ಇಲ್ಲದಿದ್ದರೆ ನೀಲಿ. ಬಾಯಿ ಬಿಡಲು ಸಂಕೋಚಪಡುವವರಿಗೆ ಇದು ಉಪಕಾರ.

ಸಣ್ಣ ಗುಂಪಿನಲ್ಲಿ ಇದನ್ನು ಮಾಡುವುದು ಹೇಗೆ? ಮೊದಲು ಪ್ರಶ್ನೆ ಸರಿಯಾಗಿರಬೇಕು. ‘ಆರಾಧನೆಯ ಸಮಯದ ವಿಚಾರ’ ಎಂದು ಬರೆದರೆ ಚರ್ಚೆ ಎಲ್ಲೆಲ್ಲೋ ಹರಿಯುತ್ತದೆ. ‘ಭಾನುವಾರದ ಆರಾಧನೆಯನ್ನು 10 ಗಂಟೆಯ ಬದಲು 8ಕ್ಕೆ, 6 ತಿಂಗಳ ಮಟ್ಟಿಗೆ ನಡೆಸಬೇಕೇ?’ ಎಂದು ಬರೆದರೆ ಹೌದು, ಅಲ್ಲ ಎನ್ನಬಹುದು. ಇದನ್ನು ಒಂದು ವಾರ ಮುಂಚೆಯೇ ಎಲ್ಲರ ಕೈಗೂ ಕೊಡಿ. ಕೂಟದ ದಿನ ಸುತ್ತಲೂ ಕೂತು ಪ್ರತಿಯೊಬ್ಬರಿಗೂ ಎರಡು ಮೂರು ನಿಮಿಷ. ಒಂದು ಸುತ್ತು ಮುಗಿಯುವವರೆಗೆ ಯಾರೂ ಉತ್ತರ ಕೊಡಬಾರದು. ಕಿರಿಯರಿಂದ ಶುರುಮಾಡಿ, ಅಧ್ಯಕ್ಷತೆ ವಹಿಸಿದವರು ಕೊನೆಗೆ ಮಾತಾಡಲಿ. ಮುಖ್ಯ ವಿಷಯವನ್ನು ಪಟ್ಟಿಯ ಕೊನೆಗೆ ಇಡಬೇಡಿ. ಹೊತ್ತು ಮೀರಿದಾಗ ಸಿಗುವ ಒಪ್ಪಿಗೆ ಹೆಚ್ಚಾಗಿ ದಣಿವಿನದು. ನಿರ್ಣಯವನ್ನು ಗಟ್ಟಿಯಾಗಿ ಓದಿ, ‘ಯಾರಿಗಾದರೂ ಆಕ್ಷೇಪವಿದೆಯೇ?’ ಎನ್ನುವ ಬದಲು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ.

ಒಬ್ಬರೇ ಅಡ್ಡ ನಿಂತರೆ? ಅವರ ಕಾರಣ ವಾಕ್ಯಕ್ಕೋ ಮನಸ್ಸಾಕ್ಷಿಗೋ ಸಂಬಂಧಿಸಿದ್ದರೆ ಮುಂದೂಡಿ. ಬರೀ ಅಭಿರುಚಿಯಾಗಿದ್ದರೆ ಅವರ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆದು ಮುಂದುವರಿಯಬಹುದು. ಒಬ್ಬರ ಹಟಕ್ಕೆ ಇಡೀ ಗುಂಪು ವರ್ಷಗಟ್ಟಲೆ ಕಟ್ಟುಬಿದ್ದಿರುವುದಕ್ಕೆ ಐಕ್ಯತೆ ಎನ್ನಲಾಗದು. ಊಟ, ದಿನಾಚರಣೆಗಳಂಥ ವಿಷಯದಲ್ಲಂತೂ ಎಲ್ಲರಿಗೂ ಒಂದೇ ತೀರ್ಮಾನ ಬೇಕಿಲ್ಲ. ರೋಮಾಪುರದವರಿಗೆ 14:5ನ್ನು ನೋಡಿ.

15ನೇ ಅಧ್ಯಾಯ ಮುಗಿಯುವುದು ಜಗಳದಲ್ಲಿ ಎಂಬುದನ್ನು ಮರೆಯಬೇಡಿ. ಮಾರ್ಕನನ್ನು ಕರೆದೊಯ್ಯುವ ವಿಷಯದಲ್ಲಿ ಪೌಲ, ಬಾರ್ನಬರು ಅಗಲಿದರು. ಬಾರ್ನಬ ಮಾರ್ಕನೊಂದಿಗೆ ಕುಪ್ರದ್ವೀಪಕ್ಕೆ ಹೋದ, ಪೌಲ ಸೀಲನೊಂದಿಗೆ ಸಿರಿಯ, ಕಿಲಿಕ್ಯ ಸೀಮೆಗಳಿಗೆ. ಯೆರೂಸಲೇಮಿನ ತೀರ್ಮಾನ ಮಾತ್ರ ಅಲುಗಲಿಲ್ಲ: ಪೌಲ ಅದನ್ನು ಊರೂರಿಗೆ ಒಯ್ದು ಒಪ್ಪಿಸುತ್ತಾ ಹೋದ (16:4).