ಹಳೆಯ ಪಿಕಪ್: ವೋಲ್ಟೇಜ್ ಬಿದ್ದು ಎಂಜಿನ್ ನಡುಗುತ್ತಿದೆಯೇ, ಎಂಜಿನ್ ನಡುಗಿ ವೋಲ್ಟೇಜ್ ಬಿದ್ದಿದೆಯೇ?

ಹಳೆಯ ಪಿಕಪ್ ಓಡಿಸುವವರು ಈ ಎರಡು ದೂರುಗಳನ್ನು ಬಹುತೇಕ ಜೊತೆಯಾಗಿಯೇ ತರುತ್ತಾರೆ. ಗಾಡಿ ನಿಂತಾಗ ಎಂಜಿನ್ ನಡುಗುತ್ತದೆ, ಆಗಾಗ ಮಿಸ್ ಹೊಡೆಯುತ್ತದೆ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯುವುದಿಲ್ಲ. ಅದೇ ಹೊತ್ತಿಗೆ ವೋಲ್ಟ್‌ಮೀಟರ್ ಮುಳ್ಳು ಕೆಳಗೆ ಬಿದ್ದಿರುತ್ತದೆ, ಹೆಡ್‌ಲೈಟ್ ಮಂಕಾಗಿರುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಎರಡೂ ಸರಿ. ನನ್ನ ಹತ್ತಿರ ಬರುವಷ್ಟರಲ್ಲಿ ಹೆಚ್ಚಿನವರು ಬ್ಯಾಟರಿ ಬದಲಿಸಿರುತ್ತಾರೆ. ಕೆಲವರು ಆಲ್ಟರ್ನೇಟರನ್ನೂ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬದಲಿಸಿರುತ್ತಾರೆ. ನಡುಕ ಮಾತ್ರ ಹಾಗೇ ಇರುತ್ತದೆ. ಯಾಕೆಂದರೆ ಯಾವ ತೊಂದರೆ ಯಾವುದನ್ನು ಹುಟ್ಟಿಸಿದೆ ಎಂದು ಮೊದಲು ನೋಡಿರುವುದಿಲ್ಲ.

ಇಲ್ಲಿ ಎರಡೂ ದಿಕ್ಕಿನಲ್ಲಿ ಕಾರಣ ಇರಬಹುದು. ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಓಡುವಾಗ, ಎಂಜಿನ್ ಸಾಮಾನ್ಯವಾಗಿ 600ರಿಂದ 900 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಆಲ್ಟರ್ನೇಟರ್ ಪುಲ್ಲಿ ಚಿಕ್ಕದು, ಅದು ಎಂಜಿನ್‌ಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುತ್ತದೆ. ಆದರೂ ಐಡ್ಲಿಂಗ್‌ನಲ್ಲಿ ಹಳೆಯ ಆಲ್ಟರ್ನೇಟರ್ ತನ್ನ ಮೇಲೆ ಬರೆದಿರುವ ಆಂಪಿಯರ್‌ನ ಅರ್ಧ ಕೊಟ್ಟರೆ ಹೆಚ್ಚು. 60 ಆಂಪಿಯರ್‌ನದು ಎಂದಿಟ್ಟುಕೊಳ್ಳಿ, ನಿಂತಲ್ಲಿ 25-30 ಸಿಗಬಹುದು. ಎರಡು ಹೆಡ್‌ಲೈಟ್‌ಗೆ ಸುಮಾರು 9, ಬ್ಲೋವರ್ ಜೋರಾಗಿಟ್ಟರೆ ಹತ್ತಕ್ಕೂ ಮೇಲೆ, ಇಗ್ನಿಷನ್ ಮತ್ತು ಇಂಧನದ ಪಂಪ್‌ಗೆ ಇನ್ನೊಂದು ಹತ್ತು, ಮೇಲೆ ವೈಪರ್. ಅಲ್ಲಿಗೆ ಇದ್ದದ್ದೆಲ್ಲ ಮುಗಿಯಿತು. ಇಂಥ ಹೊತ್ತಲ್ಲಿ ಬೇರೆ ಯಾವುದೋ ಕಾರಣಕ್ಕೆ ಐಡ್ಲಿಂಗ್ 450ಕ್ಕೆ ಇಳಿದರೆ ಆಲ್ಟರ್ನೇಟರ್ ಕೈ ಚೆಲ್ಲುತ್ತದೆ. ಅದರದ್ದೇನೂ ತಪ್ಪಿಲ್ಲ.

ಈಗ ಇನ್ನೊಂದು ದಿಕ್ಕು ನೋಡಿ. ವೋಲ್ಟೇಜ್ ಕಡಿಮೆಯಾದರೆ ಪ್ಲಗ್‌ನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ಕರೆಂಟ್ ಕಡಿಮೆಯಾಗುತ್ತದೆ. ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್) ಇರುವ ಹಳೆಯ ಇಗ್ನಿಷನ್‌ನಲ್ಲಿ 14 ವೋಲ್ಟ್ 11.5ಕ್ಕೆ ಬಂದರೆ ಕಿಡಿಯ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಪ್ಲಗ್ ಹೊಸದಿದ್ದರೆ ಹೇಗೋ ನಡೆಯುತ್ತದೆ. ಸವೆದ ಪ್ಲಗ್, ಹಳೆಯ ವೈರ್ ಇದ್ದರೆ ಮಿಸ್ ಶುರು. ಇಂಜೆಕ್ಷನ್ ಗಾಡಿಯಲ್ಲಿ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಪಂಪ್ ನಿಧಾನವಾಗುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ತನಗೆ ಸಿಗುವ ವೋಲ್ಟೇಜ್ ನೋಡಿ ಇಂಜೆಕ್ಟರ್ ತೆರೆದಿಡುವ ಸಮಯ ಹೆಚ್ಚಿಸಿ ಸರಿದೂಗಿಸಲು ನೋಡುತ್ತದೆ. ಇಸಿಯುವಿನ ಅರ್ಥ್ ತಂತಿಯೇ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಕೆಟ್ಟಿದ್ದರೆ ಆ ಲೆಕ್ಕವೂ ತಪ್ಪುತ್ತದೆ, ಸೆನ್ಸಾರ್‌ಗಳ ಓದೂ ತಪ್ಪುತ್ತದೆ.

ಹಾಗಾಗಿ ನಾನು ಯಾವ ಭಾಗ ಬಿಚ್ಚುವ ಮೊದಲೂ ಈ ಗಂಟು ಬಿಡಿಸುತ್ತೇನೆ. ಲೈಟ್, ಬ್ಲೋವರ್ ಎಲ್ಲ ಆಫ್ ಮಾಡಿ. ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಜೋಡಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗಲೇ ವೋಲ್ಟೇಜ್ 13.5 ದಾಟುವಂತೆ ಮಾಡಿ. ನಡುಕ ನಿಂತಿತೇ? ಹಾಗಾದರೆ ತೊಂದರೆ ಚಾರ್ಜಿಂಗ್ ಕಡೆಯದು. ವೋಲ್ಟೇಜ್ ಚೆನ್ನಾಗಿದ್ದೂ ನಡುಗುತ್ತಲೇ ಇದೆಯೇ? ಎಂಜಿನ್ ಕಡೆ ಹೋಗಿ. ಆಮೇಲೆ ಚಾರ್ಜರ್ ತೆಗೆದು, ಒಬ್ಬರನ್ನು ಕೂರಿಸಿ 1500 ಆರ್‌ಪಿಎಂನಲ್ಲಿ ಹಿಡಿಸಿ. ವೋಲ್ಟೇಜ್ 14ರ ಹತ್ತಿರ ಹೋಗಿ ನಿಂತರೆ ಆಲ್ಟರ್ನೇಟರ್ ಜೀವಂತವಾಗಿದೆ, ಅದನ್ನು ಬದಲಿಸುವ ಮಾತು ಸದ್ಯಕ್ಕೆ ಬೇಡ.

ಡೀಸೆಲ್ ಪಿಕಪ್‌ನಲ್ಲಿ, ಅದೂ ಮೆಕ್ಯಾನಿಕಲ್ ಪಂಪ್ ಇರುವ ಹಳೆಯದರಲ್ಲಿ, ಈ ಪ್ರಶ್ನೆ ಅರ್ಧ ಮುಗಿದ ಹಾಗೆ. ಅದಕ್ಕೆ ಕಿಡಿ ಬೇಡ, ವಿದ್ಯುತ್ ಇಂಜೆಕ್ಟರೂ ಇಲ್ಲ. ವೋಲ್ಟೇಜ್ ಕಡಿಮೆಯಾಯಿತೆಂದು ಅದು ನಡುಗುವುದಿಲ್ಲ. ಅಲ್ಲಿ ಡೀಸೆಲ್ ಲೈನ್‌ಗೆ ಗಾಳಿ ಸೇರಿದೆಯಾ, ಇಂಜೆಕ್ಟರ್ ತೊಟ್ಟಿಕ್ಕುತ್ತಿದೆಯಾ ನೋಡಿ. ಚಾರ್ಜಿಂಗ್ ದೋಷವನ್ನು ಬೇರೆ ಕೆಲಸವಾಗಿಯೇ ಹುಡುಕಿ.

ಅಳತೆಗೆ ಡ್ಯಾಶ್‌ಬೋರ್ಡಿನ ಮೀಟರ್ ನಂಬಬೇಡಿ. ಅದು ತೋರಿಸುವುದು ಹಳೆಯ ಸ್ವಿಚ್, ಫ್ಯೂಸ್ ಬಾಕ್ಸ್ ದಾಟಿ ಬಂದ ವೋಲ್ಟೇಜ್. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ, ರೇಸ್ ಸ್ವಲ್ಪ ಹಿಡಿದಿದ್ದಾಗ, 13.8ರಿಂದ 14.5ರ ನಡುವೆ ಇರಬೇಕು.

ಇನ್ನು ನನ್ನ ಅನುಭವದಲ್ಲಿ ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ. ಹಳೆಯ ಗಾಡಿಯಲ್ಲಿ ಕರೆಂಟ್ ತಯಾರಾಗುವುದು ಒಂದು ವಿಷಯ, ಅದು ಬ್ಯಾಟರಿವರೆಗೆ ಬರುವುದು ಇನ್ನೊಂದು. ಎಲ್ಲ ಲೈಟ್, ಬ್ಲೋವರ್ ಹಾಕಿ, 1500 ಆರ್‌ಪಿಎಂನಲ್ಲಿ ಇಡಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ತಂತಿಯ ಬೋಲ್ಟ್‌ಗೆ ಒತ್ತಿ. ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನ ಸೀಸಕ್ಕೇ ಒತ್ತಿ, ಕ್ಲಾಂಪ್‌ಗೆ ಅಲ್ಲ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಈಗ ಆಲ್ಟರ್ನೇಟರ್ ಮೈಗೂ ಬ್ಯಾಟರಿಯ ಮೈನಸ್ ಸೀಸಕ್ಕೂ ನಡುವೆ ಅಳೆಯಿರಿ. ಇಲ್ಲಿ 0.2 ದಾಟಬಾರದು. ಹಾಗೆಯೇ ಎಂಜಿನ್ ಬ್ಲಾಕ್‌ನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್‌ಗೆ ಅಳೆಯುತ್ತ ಹೋಗಿ. ಎಲ್ಲಿ ಅಂಕಿ ಹಾರುತ್ತದೋ ಅಲ್ಲಿ ದೋಷ.

ಇದನ್ನು ಓಮ್ ಇಟ್ಟು ಅಳೆಯುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. ಹಗ್ಗದಲ್ಲಿ ಒಂದೇ ಎಳೆ ಉಳಿದಿದ್ದರೂ ನೋಡಲು ಅದು ಹಗ್ಗವೇ, ಭಾರ ಹಾಕಿದಾಗಲೇ ಅದರ ಬಂಡವಾಳ ತಿಳಿಯುವುದು. ಒಳಗೆ ಹಸಿರುಗಟ್ಟಿ ತುಂಡಾದ ತಂತಿಯೂ ಹೀಗೆಯೇ. ಮೀಟರ್ ಕಳಿಸುವ ಪುಟ್ಟ ಕರೆಂಟ್‌ಗೆ ಒಂದು ಎಳೆ ಸಾಕು, ಸೊನ್ನೆ ಓಮ್ ತೋರಿಸುತ್ತದೆ. 30 ಆಂಪಿಯರ್ ಹರಿಯುವಾಗ ಅದೇ ತಂತಿ ಒಂದು ವೋಲ್ಟ್ ನುಂಗುತ್ತದೆ.

ಅರ್ಥ್ ಪಟ್ಟಿಯ ಬಗ್ಗೆ ಇನ್ನೊಂದು ಮಾತು. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ಅಲ್ವಾ? ಚಾಸಿಗೂ ಅದಕ್ಕೂ ಕರೆಂಟ್ ಸಂಬಂಧ ಇರುವುದು ಒಂದೆರಡು ಪಟ್ಟಿಗಳಿಂದ ಮಾತ್ರ. ಎಂಜಿನ್ ಕೆಲಸವಾದಾಗ ಈ ಪಟ್ಟಿ ಮತ್ತೆ ಹಾಕುವುದನ್ನೇ ಮರೆಯುತ್ತಾರೆ. ಇಲ್ಲವೇ ಬಣ್ಣದ ಮೇಲೆ, ತುಕ್ಕಿನ ಮೇಲೆ ಬೋಲ್ಟ್ ಬಿಗಿಯುತ್ತಾರೆ. ಆಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಎಕ್ಸಲರೇಟರ್ ಕೇಬಲ್ ಮೂಲಕವೂ ಹೋಗುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್ ಬಿಸಿಯಾದರೆ ಬೇರೇನೂ ಹುಡುಕಬೇಡಿ, ಮೊದಲು ಅರ್ಥ್ ಪಟ್ಟಿ ಸರಿಮಾಡಿ. ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ.

ತಂತಿಗಳೆಲ್ಲ ಸರಿ ಎಂದಾದರೆ ಬೆಲ್ಟ್ ನೋಡಿ. ಒಳಬದಿ ಗಾಜಿನಂತೆ ನುಣುಪಾಗಿದ್ದರೆ ಅದು ಜಾರುತ್ತಿದೆ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಲೈಟ್ ಹತ್ತುತ್ತದೆಯೇ ಗಮನಿಸಿ. ಬಹಳಷ್ಟು ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದ ಮೊದಲ ಕರೆಂಟ್ ಬರುವುದೇ ಆ ಬಲ್ಬ್ ಮೂಲಕ. ಬಲ್ಬ್ ಸುಟ್ಟಿದ್ದರೆ ನಿಂತಲ್ಲಿ ಚಾರ್ಜ್ ಆಗುವುದಿಲ್ಲ, ಜೋರಾಗಿ ರೇಸ್ ಕೊಟ್ಟಾಗ ಮಾತ್ರ ಶುರುವಾಗುತ್ತದೆ. ಒಂದು ಸಣ್ಣ ಬಲ್ಬ್‌ಗಾಗಿ ಇಡೀ ಆಲ್ಟರ್ನೇಟರ್ ಬದಲಾಗುವುದನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ. ಕೊನೆಗೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರ್ ಒಳಗಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಹೋಗಿದೆ. ಅಂಥ ಆಲ್ಟರ್ನೇಟರ್ ರಾತ್ರಿ ಸುಮ್ನೆ ನಿಂತ ಗಾಡಿಯ ಬ್ಯಾಟರಿಯನ್ನೂ ಬರಿದು ಮಾಡಬಹುದು.

ಚಾರ್ಜರ್ ಜೋಡಿಸಿದಾಗಲೂ ನಡುಗುತ್ತಿದ್ದ ಎಂಜಿನ್ ವಿಷಯಕ್ಕೆ ಬರೋಣ. ಪೆಟ್ರೋಲ್ ಎಂಜಿನ್‌ನಲ್ಲಿ ನಾನು ಮೊದಲು ನೋಡುವುದು ಗಾಳಿ ಸೋರಿಕೆ. ಒಣಗಿ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಬ್ರೇಕ್ ಬೂಸ್ಟರ್‌ನ ಪೈಪ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಅನುಮಾನ ಬಂದ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಬೇಗ ಹೊತ್ತಿಕೊಳ್ಳುವ ಕ್ಲೀನರ್ ಚಿಮುಕಿಸಿ ನೋಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಪಕ್ಕದಲ್ಲೇ ಬಿಸಿ ಸೈಲೆನ್ಸರ್, ಕಿಡಿ ಸೋರುವ ವೈರ್ ಇರುತ್ತವೆ. ಆಮೇಲೆ ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್. ನಂತರ ಕಾರ್ಬೊರೇಟರ್‌ನ ಐಡ್ಲ್ ಜೆಟ್ ಅಥವಾ ಇಂಜೆಕ್ಷನ್ ಗಾಡಿಯ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕಾರ್ಬನ್. ಇಷ್ಟಾದರೂ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ಅಳೆಯದೆ ಬೇರೆ ದಾರಿಯಿಲ್ಲ.

ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು ಎಲ್ಲರಿಗೂ ಸುಲಭವಾಗಿ ಕಾಣುತ್ತದೆ. ನಡುಕ ನಿಲ್ಲುತ್ತದೆ, ಲೈಟೂ ಬೆಳಗುತ್ತದೆ. ಆದರೆ ಸೋರುವ ಪೈಪ್, ಕೊಳೆತ ತಂತಿ ಹಾಗೇ ಇರುತ್ತವೆ, ಇಂಧನ ಜಾಸ್ತಿ ಉರಿಯುತ್ತದೆ. ಇಂಜೆಕ್ಷನ್ ಗಾಡಿಯಲ್ಲಂತೂ ಥ್ರಾಟಲ್ ತಡೆಯುವ ಆ ಸ್ಕ್ರೂ ಮುಟ್ಟಲೇಬೇಡಿ.

ಇನ್ನೊಂದು ಹಳೆಯ ಅಭ್ಯಾಸ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ಬ್ಯಾಟರಿ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ಎಷ್ಟೋ ಪಟ್ಟು ಜಿಗಿಯಬಹುದು. ರೆಗ್ಯುಲೇಟರ್, ಡಯೋಡ್, ಇಸಿಯು ಒಂದೇ ಏಟಿಗೆ ಹೋಗುತ್ತವೆ. ಕೆಲಸ ಮಾಡುವಾಗ ಉಂಗುರ, ಲೋಹದ ವಾಚ್ ತೆಗೆದಿಡಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಓಡಿಸುವುದು ಗಾಳಿ ಆಡುವ ಜಾಗದಲ್ಲೇ ಆಗಲಿ.

ಕೊನೆಗೂ ಆಲ್ಟರ್ನೇಟರ್ ಬದಲಿಸಲೇಬೇಕಾಗಿ ಬಂದರೆ, ಅದಕ್ಕೆ ಮೊದಲು ಬ್ಯಾಟರಿಯನ್ನು ಚಾರ್ಜರ್‌ನಿಂದ ಪೂರ್ತಿ ತುಂಬಿಸಿ. ಸತ್ತ ಬ್ಯಾಟರಿಯನ್ನು ಹೊಸ ಆಲ್ಟರ್ನೇಟರ್‌ನಿಂದ ತುಂಬಿಸಲು ಹೋದರೆ ಆ ಆಲ್ಟರ್ನೇಟರ್ ಮಿತಿಮೀರಿ ಬಿಸಿಯಾಗಿ ಬೇಗ ಹಾಳಾಗುತ್ತದೆ. ಬ್ಯಾಟರಿ ತಂತಿ ತೆಗೆದು ಹಾಕಿದ ಮೇಲೆ ಇಂಜೆಕ್ಷನ್ ಗಾಡಿ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಸರಿಯಾಗಿ ಓಡದೆ ಹೋಗಬಹುದು. ಇಸಿಯು ಕಲಿತಿದ್ದ ಐಡ್ಲಿಂಗ್ ಲೆಕ್ಕ ಅಳಿಸಿಹೋಗಿರುತ್ತದೆ. ಎಂಜಿನ್ ಬಿಸಿಯಾಗಲು ಬಿಡಿ, ನಾಲ್ಕಾರು ಬಾರಿ ನಿಲ್ಲಿಸಿ ಓಡಿಸಿ. ಆಮೇಲೂ ನಡುಕ ಉಳಿದರೆ ಮಾತ್ರ ಮತ್ತೆ ಬಾನೆಟ್ ಎತ್ತಿ.